ಮನೆಯಿಂದಲೇ ನೀಹಾರಿಕೆಯ ಫೋಟೋ ತೆಗೆಯುವುದು ಹೇಗೆ?

ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಈ ಕ್ಷಣ ಬಿದ್ದ ಬೆಳಕನ್ನು ನೋಡಿ ಮುಂದಿನ ಕ್ಷಣಕ್ಕೆ ಹೋಗಿಬಿಡುತ್ತದೆ. ಅದಕ್ಕೇ ದೊಡ್ಡ ಟೆಲಿಸ್ಕೋಪಿಗೆ ಕಣ್ಣಿಟ್ಟರೂ ಬಹುತೇಕ ನೀಹಾರಿಕೆಗಳು, ಅಂದರೆ ನಕ್ಷತ್ರಗಳ ನಡುವಿನ ಅನಿಲ-ಧೂಳಿನ ಮೋಡಗಳು, ಬೂದು ಬಣ್ಣದ ಮಸುಕು ಕಲೆಯಂತೆ ಕಾಣುತ್ತವೆ. ಕ್ಯಾಮೆರಾ ಹಾಗಲ್ಲ. ಎಷ್ಟು ಹೊತ್ತು ತೆರೆದಿಟ್ಟರೆ ಅಷ್ಟು ಹೊತ್ತಿನ ಬೆಳಕನ್ನು ಒಟ್ಟು ಮಾಡುತ್ತದೆ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಒರಾಯನ್ ನೀಹಾರಿಕೆಯ ಮೊದಲ ಫೋಟೋ ತೆಗೆದರು. 11 ಇಂಚಿನ ಟೆಲಿಸ್ಕೋಪ್, 51 ನಿಮಿಷದ ಎಕ್ಸ್‌ಪೋಷರ್. 1883ರಲ್ಲಿ ಆಂಡ್ರ್ಯೂ ಕಾಮನ್ ಲಂಡನ್ನಿನ ಈಲಿಂಗ್‌ನಲ್ಲಿ ತಮ್ಮ ಮನೆಯ ಹಿತ್ತಲಿನಿಂದಲೇ ಅದೇ ನೀಹಾರಿಕೆಯನ್ನು ಸೆರೆಹಿಡಿದರು. ಕಣ್ಣಿಗೆ ಕಾಣದಷ್ಟು ಮಂದವಾದ ನಕ್ಷತ್ರಗಳೂ ಆ ಫೋಟೋದ ಗಾಜಿನ ಪ್ಲೇಟಿನಲ್ಲಿ ಮೂಡಿದ್ದವು. ಕಾಮನ್ ವೃತ್ತಿಯಿಂದ ಸ್ಯಾನಿಟರಿ ಎಂಜಿನಿಯರ್. ಖಗೋಳ ಅವರ ಹವ್ಯಾಸ. ಆ ಕೆಲಸಕ್ಕಾಗಿ 1884ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕವೂ ಬಂತು.

ಅಂದರೆ ನೀಹಾರಿಕೆಯ ಫೋಟೋಗ್ರಫಿ ಹವ್ಯಾಸಿಗಳ ಕೈಯಲ್ಲೇ ಬೆಳೆದದ್ದು. ಇಂದಿಗೂ ಇದರ ಗುಟ್ಟು ಬದಲಾಗಿಲ್ಲ: ಸಮಯ. ಒಂದೇ ನೀಹಾರಿಕೆಯ ಮೇಲೆ ಗಂಟೆಗಟ್ಟಲೆ ಬೆಳಕು ಕೂಡಿಸಬೇಕು. ಈ ವಿಷಯದಲ್ಲಿ ಮನೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ದೂರದ ಕತ್ತಲ ಜಾಗಕ್ಕೆ ಅಪರೂಪಕ್ಕೆ ಹೋಗಬಹುದು. ಮನೆಯಲ್ಲಾದರೆ ಮೋಡವಿಲ್ಲದ ಪ್ರತಿ ರಾತ್ರಿಯೂ ನಿಮ್ಮದೇ. ಮುಂದೆ ಹೇಳಿರುವ ಎಲ್ಲ ಹೆಜ್ಜೆಗಳನ್ನೂ ಈ ಒಂದು ಅನುಕೂಲದ ಮೇಲೇ ಕಟ್ಟಿದ್ದೇನೆ.

ಗುರಿ ಯಾವುದಿರಲಿ?

ಸಲಕರಣೆಗಿಂತ ಮೊದಲು ಗುರಿ. ಮನೆಯಿಂದ ತೆಗೆಯುವವರಿಗೆ ಇದೇ ಅತಿ ಮುಖ್ಯ ನಿರ್ಧಾರ.

ಕೆಲವು ನೀಹಾರಿಕೆಗಳು ತಾವೇ ಹೊಳೆಯುತ್ತವೆ. ಒಳಗಿರುವ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣ ಅನಿಲವನ್ನು ಕೆಣಕುತ್ತದೆ, ಅನಿಲ ಬೆಳಕು ಬಿಡುತ್ತದೆ. ಈ ಬೆಳಕು ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಬರುತ್ತದೆ. ಹೈಡ್ರೋಜನ್‌ನ ಕಡುಗೆಂಪು 656.3 ನ್ಯಾನೋಮೀಟರ್‌ನಲ್ಲಿ. ಇದನ್ನು ಎಲ್ಲರೂ ಎಚ್-ಆಲ್ಫಾ ಅನ್ನುತ್ತಾರೆ. ಆಮ್ಲಜನಕದ ನೀಲಿ-ಹಸಿರು 500.7ರಲ್ಲಿ. ಇದಕ್ಕೆ ಓ-ಥ್ರೀ ಎಂದು ಹೆಸರು. ಬೀದಿ ದೀಪದ ಬೆಳಕಾದರೋ ಹತ್ತಾರು ಬಣ್ಣಗಳಲ್ಲಿ ಹರಡಿರುತ್ತದೆ. ಹಾಗಾಗಿ ಸರಿಯಾದ ಫಿಲ್ಟರ್ ಹಾಕಿದರೆ ನೀಹಾರಿಕೆಯ ಬೆಳಕು ಒಳಗೆ ಬರುತ್ತದೆ, ದೀಪದ ಬೆಳಕು ಬಹುಪಾಲು ಹೊರಗೆ ಉಳಿಯುತ್ತದೆ.

ಇನ್ನು ಕೆಲವು ನೀಹಾರಿಕೆಗಳು ಪಕ್ಕದ ನಕ್ಷತ್ರದ ಬೆಳಕನ್ನು ಚದುರಿಸುತ್ತವೆ ಅಷ್ಟೇ. ಕೃತ್ತಿಕೆಯ ಸುತ್ತಲಿನ ನೀಲಿ ಧೂಳು ಹಾಗಿರುವಂಥದ್ದು. ಅದರ ಬೆಳಕೂ ಎಲ್ಲ ಬಣ್ಣಗಳಲ್ಲಿ ಹರಡಿರುವುದರಿಂದ ಫಿಲ್ಟರ್ ನೆರವಿಗೆ ಬರುವುದಿಲ್ಲ. ಊರಿನ ಬೆಳಕಿನ ನಡುವೆ ಇದ್ದವರು ಇಂಥವನ್ನು ಸದ್ಯಕ್ಕೆ ಬಿಟ್ಟುಬಿಡಿ. ತಾವೇ ಹೊಳೆಯುವ ನೀಹಾರಿಕೆಗಳನ್ನೇ ಆರಿಸಿಕೊಳ್ಳಿ.

ಮೊದಲ ಗುರಿ ಎಂ42, ಅಂದರೆ ಒರಾಯನ್ ನೀಹಾರಿಕೆ. ಇದರಲ್ಲಿ ಎರಡು ಮಾತಿಲ್ಲ. ಸುಮಾರು 1,300 ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೂ ಕಾಣುವಷ್ಟು ಪ್ರಕಾಶ, ಆಕಾಶದಲ್ಲಿ ಎರಡು ಹುಣ್ಣಿಮೆ ಚಂದ್ರರನ್ನು ಅಕ್ಕಪಕ್ಕ ಇಟ್ಟಷ್ಟು ಅಗಲ. ಆಕಾಶದ ಮಧ್ಯರೇಖೆಯ ಹತ್ತಿರ ಇರುವುದರಿಂದ ಭೂಮಿಯ ಎರಡೂ ಗೋಳಾರ್ಧದವರಿಗೆ ಸಿಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆಯ ನಂತರವೇ ಒಳ್ಳೆಯ ಎತ್ತರದಲ್ಲಿರುತ್ತದೆ.

ಅದಾದ ಮೇಲೆ ಅದೇ ಕಾಲದಲ್ಲಿ ರೋಸೆಟ್ ನೀಹಾರಿಕೆ. ಜುಲೈನಿಂದ ಅಕ್ಟೋಬರ್ ತನಕ ರಾಜಹಂಸದ ಡೆನೆಬ್ ನಕ್ಷತ್ರದ ಪಕ್ಕದಲ್ಲಿರುವ ನಾರ್ತ್ ಅಮೆರಿಕಾ ನೀಹಾರಿಕೆ, ಅಂದರೆ ಎನ್‌ಜಿಸಿ 7000. ಧನು ರಾಶಿಯ ಕಡೆ ತೆರೆದ ಆಕಾಶವಿದ್ದರೆ ಎಂ8, ಲಗೂನ್. ದಕ್ಷಿಣದ ಆಕಾಶ ಚೆನ್ನಾಗಿ ಕಾಣುವವರಿಗೆ ಕರೀನಾ ನೀಹಾರಿಕೆ ಇದೆ. ಅದು ಎಂ42ಗಿಂತಲೂ ದೊಡ್ಡದು.

ಗಮನಿಸಿ, ಇವೆಲ್ಲ ಆಕಾಶದಲ್ಲಿ ತುಂಬಾ ಅಗಲ. ಎನ್‌ಜಿಸಿ 7000 ಸುಮಾರು ಎರಡು ಡಿಗ್ರಿ ಇದೆ, ನಾಲ್ಕು ಚಂದ್ರರಷ್ಟು. ಇದನ್ನು ಹಿಡಿಯಲು ದೂರದ್ದನ್ನು ಹತ್ತಿರ ತರುವ ದೊಡ್ಡ ಟೆಲಿಸ್ಕೋಪ್ ಬೇಕಿಲ್ಲ, ಸಾಧಾರಣ ಟೆಲಿಫೋಟೋ ಲೆನ್ಸೇ ಸಾಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ವರ್ಧನೆ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಂಡು ಉದ್ದದ ಟೆಲಿಸ್ಕೋಪ್ ತರುತ್ತಾರೆ. ನೀಹಾರಿಕೆ ಫ್ರೇಮಿನಲ್ಲಿ ಹಿಡಿಸುವುದೇ ಇಲ್ಲ.

ಮನೆಯಿಂದ ನಿಮ್ಮ ಗುರಿ ಎಷ್ಟು ಹೊತ್ತು ಕಾಣುತ್ತದೆ ಎಂದು ಸ್ಟೆಲೇರಿಯಂ ತಂತ್ರಾಂಶದಲ್ಲಿ ನೋಡಿಕೊಳ್ಳಿ. ಅದು ಉಚಿತ. ನಿಮ್ಮ ಕ್ಯಾಮೆರಾ ಸೆನ್ಸರ್ ಮತ್ತು ಲೆನ್ಸಿನ ಅಳತೆ ಕೊಟ್ಟರೆ ಫ್ರೇಮ್ ಹೇಗೆ ಬರುತ್ತದೆ ಅಂತಲೂ ತೋರಿಸುತ್ತದೆ. ಗುರಿ ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 30 ಡಿಗ್ರಿಯಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡರಷ್ಟು ಗಾಳಿ ದಾಟಿ ಬರಬೇಕು. ಅದರ ಕೆಳಗೆ ಧೂಳು, ದೀಪದ ಹೊಳಪು ಎರಡೂ ಸೇರಿ ಶ್ರಮವೆಲ್ಲ ವ್ಯರ್ಥ.

ಸಲಕರಣೆ: ಟ್ರ್ಯಾಕಿಂಗ್ ಮೊದಲು, ಉಳಿದದ್ದು ಆಮೇಲೆ

ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್‌ನಷ್ಟು ಸರಿಯುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್. ಕೇಳಲು ಚಿಕ್ಕ ಅಳತೆ. ಆದರೆ 135 ಮಿ.ಮೀ. ಲೆನ್ಸ್ ಹಾಕಿದ ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 6.5 ಆರ್ಕ್‌ಸೆಕೆಂಡ್ ನೋಡುತ್ತದೆ. ಅಂದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಎರಡು ಪಿಕ್ಸೆಲ್ ದಾಟಿಬಿಡುತ್ತದೆ. ಚುಕ್ಕಿ ಗೆರೆಯಾಗುತ್ತದೆ. ಈ ಲೆಕ್ಕ ನಿಮ್ಮ ಸೆಟ್‌ಗೂ ಮಾಡಿಕೊಳ್ಳಬಹುದು: ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಅಂತ ಸಿಗುತ್ತದೆ.

ಅದಕ್ಕಾಗಿ ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಟ್ರ್ಯಾಕರ್ ಮೇಲೆ ಮಾಡಿ. ಸ್ಟಾರ್ ಟ್ರ್ಯಾಕರ್ ಎಂಬ ಚಿಕ್ಕ ಪೆಟ್ಟಿಗೆ ಟ್ರೈಪಾಡ್ ಮೇಲೆ ಕೂತು ಕ್ಯಾಮೆರಾವನ್ನು ಆಕಾಶದ ವೇಗದಲ್ಲೇ ತಿರುಗಿಸುತ್ತದೆ. ಹಳೆಯ ಕ್ಯಾಮೆರಾ, ಒಳ್ಳೆಯ ಟ್ರ್ಯಾಕರ್ ಇರುವವರು ಹೊಸ ಕ್ಯಾಮೆರಾ, ಬರೀ ಟ್ರೈಪಾಡ್ ಇರುವವರಿಗಿಂತ ಎಷ್ಟೋ ಮುಂದೆ ಹೋಗುತ್ತಾರೆ. ಟ್ರ್ಯಾಕರ್ ಜೊತೆಗೆ 135ರಿಂದ 200 ಮಿ.ಮೀ. ಲೆನ್ಸ್ ಇದ್ದರೆ ಮೇಲೆ ಹೇಳಿದ ಎಲ್ಲ ಗುರಿಗಳೂ ಕೈಗೆಟುಕುತ್ತವೆ. ನನ್ನ ಪ್ರಕಾರ ಮನೆಯಿಂದ ಶುರು ಮಾಡುವವರಿಗೆ ಇದೇ ಸರಿಯಾದ ಜೋಡಿ.

ಟ್ರ್ಯಾಕರ್ ಇಲ್ಲವೇ? ಸುಮ್ನೆ ಕಾಯಬೇಡಿ. 50 ಮಿ.ಮೀ. ಲೆನ್ಸ್, ಟ್ರೈಪಾಡ್, 3-4 ಸೆಕೆಂಡಿನ ನೂರಾರು ಫ್ರೇಮ್. ಎಂ42ರ ಗುಲಾಬಿ ಬಣ್ಣ ಖಂಡಿತ ಮೂಡುತ್ತದೆ. ಮುಂದೆ ಬರುವ ಫೋಕಸ್, ಸ್ಟ್ಯಾಕಿಂಗ್ (ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸುವುದು), ಸಂಸ್ಕರಣೆ ಎಲ್ಲವನ್ನೂ ಇದರಲ್ಲೇ ಕಲಿಯಬಹುದು.

ಇದರ ಮೇಲಿನ ಹಂತ ಈಕ್ವಟೋರಿಯಲ್ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಗಟ್ಟಿ ಯಂತ್ರ), 60-80 ಮಿ.ಮೀ. ರಿಫ್ರಾಕ್ಟರ್ ಅಂದರೆ ಲೆನ್ಸಿನ ಟೆಲಿಸ್ಕೋಪ್, ಪಕ್ಕದಲ್ಲೊಂದು ಗೈಡ್ ಕ್ಯಾಮೆರಾ. ಗೈಡ್ ಕ್ಯಾಮೆರಾ ಒಂದು ನಕ್ಷತ್ರವನ್ನು ನೋಡುತ್ತಾ, ಅದು ಕದಲಿದ ಕೂಡಲೇ ಮೌಂಟ್‌ಗೆ ತಿದ್ದಲು ಹೇಳುತ್ತದೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಟ್ರ್ಯಾಕರ್‌ನಲ್ಲಿ ಒಂದು ಋತು ಕಳೆದ ಮೇಲೆ ಇಲ್ಲಿಗೆ ಬಂದರೆ ಸಾಕು.

ಕ್ಯಾಮೆರಾದ ವಿಷಯದಲ್ಲಿ ಒಂದು ಮಾತು. ಮಾಮೂಲಿ ಕ್ಯಾಮೆರಾಗಳಲ್ಲಿ ಸೆನ್ಸರ್ ಮುಂದೆ ಒಂದು ಫಿಲ್ಟರ್ ಇರುತ್ತದೆ. ಹಗಲಿನ ಬಣ್ಣಗಳು ಸಹಜವಾಗಿ ಬರಲಿ ಅಂತ ಅದು ಕಡುಗೆಂಪನ್ನು ಕತ್ತರಿಸುತ್ತದೆ. ಎಚ್-ಆಲ್ಫಾದ ಬಹುಪಾಲು ಅಲ್ಲೇ ಹೋಗಿಬಿಡುತ್ತದೆ. ಎಂ42 ತುಂಬಾ ಪ್ರಕಾಶಮಾನ, ಹಾಗಾಗಿ ಅದಕ್ಕೆ ತೊಂದರೆಯಿಲ್ಲ. ರೋಸೆಟ್, ಎನ್‌ಜಿಸಿ 7000 ಮಾತ್ರ ಮಂಕಾಗುತ್ತವೆ. ಆ ಫಿಲ್ಟರನ್ನು ತೆಗೆಸಿದ ಕ್ಯಾಮೆರಾಗಳಿಗೆ ಮಾಡಿಫೈಡ್ ಕ್ಯಾಮೆರಾ ಎನ್ನುತ್ತಾರೆ. ಇರುವ ಒಂದೇ ಒಳ್ಳೆಯ ಕ್ಯಾಮೆರಾವನ್ನು ಬಿಚ್ಚಿಸಬೇಡಿ. ಹಳೆಯದೊಂದಿದ್ದರೆ ಅದನ್ನು ಮಾಡಿಸಿ.

ಬೆಳಕಿನ ಮಾಲಿನ್ಯಕ್ಕೆ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಬರುತ್ತದೆ. ಎಚ್-ಆಲ್ಫಾ ಮತ್ತು ಓ-ಥ್ರೀ ಎರಡರ ಸುತ್ತ ಮಾತ್ರ ಸಣ್ಣ ಕಿಂಡಿ ತೆರೆದಿಡುತ್ತದೆ. ಕಿಂಡಿ ತಲಾ 7 ನ್ಯಾನೋಮೀಟರ್ ಅಂದುಕೊಳ್ಳಿ. ಕಣ್ಣಿಗೆ ಕಾಣುವ ಬೆಳಕು 400ರಿಂದ 700 ನ್ಯಾನೋಮೀಟರ್, ಅಂದರೆ 300ರಷ್ಟು ಅಗಲ. ಅದರಲ್ಲಿ 14 ಮಾತ್ರ ಒಳಗೆ ಬರುತ್ತದೆ. ಆಕಾಶದ ಹೊಳಪು ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ನೀಹಾರಿಕೆಯ ಆ ಎರಡು ಬಣ್ಣಗಳು ಬಹುತೇಕ ಪೂರ್ತಿ ಉಳಿಯುತ್ತವೆ. ಊರಿನೊಳಗೆ ಇರುವವರಿಗೆ ಟ್ರ್ಯಾಕರ್ ನಂತರದ ಅತಿ ಉಪಯುಕ್ತ ಖರೀದಿ ಇದು. ನಕ್ಷತ್ರಪುಂಜಕ್ಕೆ, ಗ್ಯಾಲಕ್ಸಿಗೆ ಇದನ್ನು ಹಾಕಬೇಡಿ. ಅವುಗಳ ಬೆಳಕನ್ನೂ ಹಾಗೆಯೇ ಕತ್ತರಿಸಿಬಿಡುತ್ತದೆ.

ಜಾಗ ಹೊಂದಿಸುವುದು

ಯಾವ ದೀಪವೂ ನೇರವಾಗಿ ಲೆನ್ಸಿಗೆ ಬೀಳದ ಮೂಲೆ ಹುಡುಕಿ. ಆಕಾಶದ ಹೊಳಪನ್ನು ನೀವು ತಡೆಯಲಾರಿರಿ. ಪಕ್ಕದ ಬಲ್ಬನ್ನು ಒಂದು ಹಲಗೆ ಅಡ್ಡ ಇಟ್ಟು ತಡೆಯಬಹುದು. ಲೆನ್ಸ್ ಹುಡ್ ಯಾವಾಗಲೂ ಇರಲಿ. ಹಗಲಿಡೀ ಕಾದ ಕಾಂಕ್ರೀಟ್ ರಾತ್ರಿ ಶಾಖ ಬಿಡುತ್ತದೆ, ಅದರ ಮೇಲಿನ ಗಾಳಿ ನಡುಗುತ್ತದೆ. ಸೂರ್ಯ ಮುಳುಗಿ ಎರಡು ಗಂಟೆ ಕಳೆದ ಮೇಲಿನ ಫ್ರೇಮುಗಳು ಹೆಚ್ಚು ಚೂಪಾಗಿರುತ್ತವೆ. ತಾರಸಿಯಲ್ಲಿ ಎಕ್ಸ್‌ಪೋಷರ್ ನಡೆಯುವಾಗ ಓಡಾಡಬೇಡಿ. ಹೆಜ್ಜೆಯ ಅದುರು ನಕ್ಷತ್ರದಲ್ಲಿ ಕಾಣುತ್ತದೆ.

ಟ್ರೈಪಾಡಿನ ಮೂರು ಕಾಲು ಇಟ್ಟ ಜಾಗದಲ್ಲಿ ನೆಲಕ್ಕೆ ಬಣ್ಣದ ಗುರುತು ಹಾಕಿ. ಕಾಲುಗಳ ಎತ್ತರವನ್ನೂ ಗುರುತು ಮಾಡಿ. ಮರುದಿನ ಅದೇ ಗುರುತಿನ ಮೇಲೆ ಇಟ್ಟರೆ ಮುಂದೆ ಹೇಳುವ ಧ್ರುವದ ಹೊಂದಾಣಿಕೆ ಅರ್ಧಕ್ಕರ್ಧ ಮುಗಿದಿರುತ್ತದೆ. ಚಿಕ್ಕ ಕೆಲಸ, ಆದರೆ ವಾರದ ಮಧ್ಯದಲ್ಲಿ ದಣಿದು ಬಂದ ದಿನವೂ ಹೊರಗೆ ಸಲಕರಣೆ ಇಡುವ ಮನಸ್ಸು ಬರುವುದು ಇದರಿಂದಲೇ.

ಇಬ್ಬನಿ ಬೀಳುವ ಕಾಲದಲ್ಲಿ ಲೆನ್ಸಿನ ಸುತ್ತ ಕಟ್ಟುವ ಸಣ್ಣ ಹೀಟರ್ ಪಟ್ಟಿ ಬೇಕೇ ಬೇಕು. ಅದಿಲ್ಲದಿದ್ದರೆ ಗಂಟೆಯೊಳಗೆ ಗಾಜು ಮಂಜಾಗಿ, ಒಳಗೆ ಕೂತ ನಿಮಗೆ ಗೊತ್ತೂ ಆಗುವುದಿಲ್ಲ.

ಧ್ರುವಕ್ಕೆ ಹೊಂದಿಸುವುದು

ಟ್ರ್ಯಾಕರ್ ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಉತ್ತರ ಗೋಳಾರ್ಧದಲ್ಲಿ ಧ್ರುವ ನಕ್ಷತ್ರ ದಾರಿ ತೋರಿಸುತ್ತದೆ. ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಅದು ಇರುತ್ತದೆ. ಆದರೆ ಅದು ನಿಜವಾದ ಧ್ರುವಬಿಂದುವಿನಲ್ಲಿ ಇಲ್ಲ. ಸುಮಾರು ಮುಕ್ಕಾಲು ಡಿಗ್ರಿಗೆ ಸ್ವಲ್ಪ ಕಡಿಮೆ ಪಕ್ಕಕ್ಕಿದ್ದು, ದಿನಕ್ಕೊಂದು ಸುತ್ತು ಹಾಕುತ್ತದೆ. ಟ್ರ್ಯಾಕರ್‌ನ ಧ್ರುವದರ್ಶಕದಲ್ಲಿ ಗಡಿಯಾರದಂಥ ವೃತ್ತ ಇರುತ್ತದೆ. ಆ ಹೊತ್ತಿಗೆ ಧ್ರುವ ನಕ್ಷತ್ರ ವೃತ್ತದ ಯಾವ ಗಂಟೆಯ ಜಾಗದಲ್ಲಿರಬೇಕು ಅಂತ ಫೋನಿನ ಆ್ಯಪ್ ಹೇಳುತ್ತದೆ. ಅಲ್ಲಿ ಕೂರಿಸಿ. ದಕ್ಷಿಣ ಗೋಳಾರ್ಧದಲ್ಲಿ ಸಿಗ್ಮಾ ಆಕ್ಟಾಂಟಿಸ್ ಎಂಬ ಮಂದ ನಕ್ಷತ್ರವೇ ಗತಿ. ಊರಿನ ಬೆಳಕಿನಲ್ಲಿ ಅದು ಬರಿಗಣ್ಣಿಗೆ ಕಾಣುವುದಿಲ್ಲ.

ಬಾಲ್ಕನಿಯಿಂದ ಧ್ರುವವೇ ಕಾಣದಿದ್ದರೆ? ದಾರಿ ಇದೆ. ಲ್ಯಾಪ್‌ಟಾಪ್‌ನಿಂದ ನಡೆಸಬಲ್ಲ ಮೌಂಟ್ ಇದ್ದರೆ ನಿನಾ (N.I.N.A.) ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಬಿಂದುಗಳ ಹೊಂದಾಣಿಕೆ ಎಂಬ ಸೌಲಭ್ಯವಿದೆ. ಆಕಾಶದ ಬೇರೆ ಕಡೆ ಮೂರು ಫೋಟೋ ತೆಗೆದು, ನಕ್ಷತ್ರಗಳ ನಕ್ಷೆಗೆ ಹೋಲಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಬರೀ ಟ್ರ್ಯಾಕರ್ ಇದ್ದವರು ಫೋನಿನ ದಿಕ್ಸೂಚಿಯಿಂದ ಅಂದಾಜು ಹೊಂದಿಸಿ, ಮೊದಲು 30 ಸೆಕೆಂಡ್ ಫ್ರೇಮ್ ತೆಗೆದು ನೋಡಲಿ. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರ. ನಿಮ್ಮಲ್ಲಿ ಅದಕ್ಕೂ ನಿಜ ಉತ್ತರಕ್ಕೂ ಎಷ್ಟು ಅಂತರ ಅಂತ ನೋಡಿ ತಿದ್ದಿಕೊಳ್ಳಿ.

ಫೋಕಸ್

ಇಡೀ ರಾತ್ರಿಯ ಹಣೆಬರಹ ಈ ಐದು ನಿಮಿಷದಲ್ಲಿದೆ. ಫೋಕಸ್ ತಪ್ಪಿದ ಹತ್ತು ಗಂಟೆಯ ಬೆಳಕನ್ನು ಯಾವ ತಂತ್ರಾಂಶವೂ ಸರಿಮಾಡಲಾರದು.

ಆಟೋಫೋಕಸ್ ಆರಿಸಿ. ಲೆನ್ಸಿನ ಸ್ಥಿರೀಕರಣವನ್ನೂ ಆರಿಸಿ. ಪ್ರಖರವಾದ ಒಂದು ನಕ್ಷತ್ರಕ್ಕೆ ಕ್ಯಾಮೆರಾ ತಿರುಗಿಸಿ, ಲೈವ್ ವ್ಯೂನಲ್ಲಿ ಹತ್ತರಷ್ಟು ಹಿಗ್ಗಿಸಿ. ಲೆನ್ಸಿನ ಮೇಲಿನ ಅನಂತ ಗುರುತನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಆಚೀಚೆ ಇರುತ್ತದೆ. ಬಹ್ತಿನೋವ್ ಮಾಸ್ಕ್ ಎಂಬ ಸೀಳುಗಳಿರುವ ತೆಳು ಹಾಳೆ ಇದ್ದರೆ ಲೆನ್ಸಿನ ಮುಂದೆ ಹಿಡಿಯಿರಿ. ನಕ್ಷತ್ರದ ಸುತ್ತ ಮೂರು ಗೆರೆ ಮೂಡುತ್ತವೆ. ಎರಡು ಓರೆಯಾಗಿ ಒಂದನ್ನೊಂದು ದಾಟುತ್ತವೆ, ಮೂರನೆಯದು ಅವುಗಳ ನಡುವೆ. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮೂರನೇ ಗೆರೆ ಆ ಕಡೆ ಈ ಕಡೆ ಸರಿಯುವುದು ಕಾಣುತ್ತದೆ. ಎರಡೂ ಗೆರೆಗಳು ದಾಟುವ ಬಿಂದುವಿನ ಮೇಲೇ ಅದು ಬಂದು ನಿಂತಾಗ ಕೈ ತೆಗೆಯಿರಿ. ರಿಂಗ್ ಜರುಗದಂತೆ ಟೇಪ್ ಅಂಟಿಸಿ. ಮಾಸ್ಕ್ ತೆಗೆಯಲು ಮರೆಯಬೇಡಿ.

ರಾತ್ರಿ ತಣ್ಣಗಾದಂತೆ ಲೋಹ ಕುಗ್ಗಿ ಫೋಕಸ್ ಜಾರುತ್ತದೆ. ಗಂಟೆಗೊಮ್ಮೆ ಒಂದು ಫ್ರೇಮನ್ನು ಹಿಗ್ಗಿಸಿ ನೋಡಿ.

ಎಕ್ಸ್‌ಪೋಷರ್

ಫೈಲ್ ಯಾವಾಗಲೂ ರಾ ಫಾರ್ಮ್ಯಾಟ್‌ನಲ್ಲಿರಲಿ. ಜೆಪೆಗ್‌ನಲ್ಲಿ ಮಂದ ಬೆಳಕಿನ ವಿವರಗಳು ಅಳಿದುಹೋಗಿರುತ್ತವೆ. ಲೆನ್ಸನ್ನು ಪೂರ್ತಿ ತೆರೆಯದೆ ಒಂದು ಸ್ಟಾಪ್ ಮುಚ್ಚಿದರೆ ಮೂಲೆಯ ನಕ್ಷತ್ರಗಳು ಸರಿಯಾಗುತ್ತವೆ. ಎಫ್ 2.8 ಲೆನ್ಸ್ ಆದರೆ ಎಫ್ 4. ಐಎಸ್‌ಒ 800 ಅಥವಾ 1600. ಕ್ಯಾಮೆರಾದಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಇದ್ದರೆ ಆರಿಸಿ. ಪ್ರತಿ ಫ್ರೇಮಿನ ನಂತರ ಅಷ್ಟೇ ಹೊತ್ತು ಅದು ಮುಚ್ಚಿದ ಫ್ರೇಮ್ ತೆಗೆಯುತ್ತದೆ, ರಾತ್ರಿಯ ಅರ್ಧ ಭಾಗ ಅಲ್ಲೇ ಹೋಗುತ್ತದೆ.

ಒಂದು ಫ್ರೇಮ್ ಎಷ್ಟು ಹೊತ್ತು? ಒಂದು ಪರೀಕ್ಷಾ ಫ್ರೇಮ್ ತೆಗೆದು ಹಿಸ್ಟೋಗ್ರಾಂ ನೋಡಿ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇಟ್ಟು, ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ ಅದು. ಗುಡ್ಡದಂಥ ಆಕಾರ ಎಡ ಅಂಚನ್ನು ಬಿಟ್ಟು, ಒಟ್ಟು ಅಗಲದ ಕಾಲು ಭಾಗದ ಆಸುಪಾಸಿಗೆ ಬಂದಿದ್ದರೆ ಸಾಕು. ಅಷ್ಟಾದಾಗ ಆಕಾಶದ ಬೆಳಕು ಕ್ಯಾಮೆರಾದ ಸ್ವಂತ ಗದ್ದಲವನ್ನು (ನಾಯ್ಸ್, ಅಂದರೆ ಚಿತ್ರದ ಕಾಳುಕಾಳು ಏರಿಳಿತವನ್ನು) ಮುಳುಗಿಸಿರುತ್ತದೆ. ಅದಕ್ಕಿಂತ ಉದ್ದ ಎಳೆದರೆ ಲಾಭವಿಲ್ಲ, ನಕ್ಷತ್ರಗಳು ಬಿಳಿಚುತ್ತವೆ ಅಷ್ಟೇ. ಊರಿನ ಆಕಾಶದಲ್ಲಿ ಫಿಲ್ಟರ್ ಇಲ್ಲದಿದ್ದರೆ 30-60 ಸೆಕೆಂಡಿಗೇ ಅಲ್ಲಿಗೆ ಬರುತ್ತದೆ. ಡ್ಯುಯಲ್ ಫಿಲ್ಟರ್ ಇದ್ದರೆ 2ರಿಂದ 5 ನಿಮಿಷ ಬೇಕಾಗಬಹುದು.

ಮೊದಲ ಫ್ರೇಮ್ ನೋಡಿ ಎದೆಗುಂದಬೇಡಿ. ಫಿಲ್ಟರ್ ಇಲ್ಲದೆ ತೆಗೆದದ್ದು ಮಣ್ಣುಬಣ್ಣದ ಖಾಲಿ ಹಾಳೆಯಂತೆ ಇರುತ್ತದೆ. ರೋಸೆಟ್ ಆದರಂತೂ ನಡುವಿನ ನಕ್ಷತ್ರಗುಚ್ಛ ಬಿಟ್ಟು ಏನೂ ಕಾಣುವುದಿಲ್ಲ. ನೀಹಾರಿಕೆ ಅಲ್ಲಿದೆ. ಆಕಾಶದ ಹೊಳಪಿನ ಮೇಲೆ ಶೇಕಡಾ ಒಂದೆರಡರಷ್ಟು ಜಾಸ್ತಿ ಬೆಳಕಾಗಿ, ಗದ್ದಲದೊಳಗೆ ಹುದುಗಿದೆ.

ಎಂ42ರ ನಡುವಿನ ಭಾಗಕ್ಕೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಟ್ರಪೀಜಿಯಂ ಎಂಬ ನಾಲ್ಕು ನಕ್ಷತ್ರಗಳ ಗುಂಪಿನ ಸುತ್ತ ಅದು ಎಷ್ಟು ಪ್ರಖರವೆಂದರೆ ಒಂದು ನಿಮಿಷದ ಫ್ರೇಮಿನಲ್ಲಿ ಬರೀ ಬಿಳಿ ಮುದ್ದೆಯಾಗುತ್ತದೆ. 5-10 ಸೆಕೆಂಡಿನ 30 ಫ್ರೇಮುಗಳನ್ನು ಪ್ರತ್ಯೇಕ ತೆಗೆದಿಟ್ಟುಕೊಂಡು ಕೊನೆಯಲ್ಲಿ ನಡುಭಾಗಕ್ಕೆ ಅದನ್ನೇ ಸೇರಿಸಿ.

ಎಷ್ಟು ಗಂಟೆ?

ನೂರು ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದರೆ ನೀಹಾರಿಕೆಯ ಬೆಳಕು ಎಲ್ಲದರಲ್ಲೂ ಒಂದೇ ಕಡೆ ಇರುವುದರಿಂದ ಉಳಿಯುತ್ತದೆ. ಗದ್ದಲ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆಯಾಗಿರುವುದರಿಂದ ಕರಗುತ್ತದೆ. ಸ್ಪಷ್ಟತೆ ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು ಏರುತ್ತದೆ. ನೂರು ಫ್ರೇಮಿಗೆ ಹತ್ತು ಪಟ್ಟು. ಒಂದು ಗಂಟೆಯ ಚಿತ್ರಕ್ಕಿಂತ ಎರಡರಷ್ಟು ಸ್ಪಷ್ಟ ಬೇಕೆಂದರೆ ನಾಲ್ಕು ಗಂಟೆ, ಇನ್ನೂ ಎರಡರಷ್ಟು ಬೇಕೆಂದರೆ 16 ಗಂಟೆ.

ಊರಿನ ಬೆಳಕಿಗೆ ತೆರುವ ಬೆಲೆಯೂ ಸಮಯದಲ್ಲೇ. ಆಕಾಶ ಒಂದು ಮ್ಯಾಗ್ನಿಟ್ಯೂಡ್ (ಖಗೋಳದಲ್ಲಿ ಹೊಳಪಿನ ಅಳತೆ, ಒಂದು ಮೆಟ್ಟಿಲು ಎಂದರೆ ಸುಮಾರು ಎರಡೂವರೆ ಪಟ್ಟು) ಹೆಚ್ಚು ಬೆಳಗಿದ್ದರೆ, ಅದೇ ಸ್ಪಷ್ಟತೆಗೆ ಎರಡೂವರೆ ಪಟ್ಟು ಸಮಯ ಬೇಕು. ಮೂರು ಮ್ಯಾಗ್ನಿಟ್ಯೂಡ್ ಆದರೆ ಸುಮಾರು 16 ಪಟ್ಟು. ಇದು ಫಿಲ್ಟರ್ ಇಲ್ಲದ ಲೆಕ್ಕ. ಫಿಲ್ಟರ್ ಹಾಕಿದರೆ ಈ ಬೆಲೆ ತುಂಬಾ ಇಳಿಯುತ್ತದೆ. ಅದರ ಜೊತೆಗೆ ಮನೆಯಿಂದ ಹಲವು ರಾತ್ರಿ ಕೂಡಿಸಬಹುದು. ಕತ್ತಲ ಜಾಗದಲ್ಲಿ ಒಂದೇ ರಾತ್ರಿ ಕಳೆಯುವವರ ಸಮಕ್ಕೆ ನೀವು ಬರುವುದು ಹೀಗೆ.

ನನ್ನ ಅಂದಾಜು ಹೀಗಿದೆ. ಎಂ42ಗೆ ಒಂದೆರಡು ಗಂಟೆಯಲ್ಲೇ ಖುಷಿ ಕೊಡುವ ಚಿತ್ರ ಬರುತ್ತದೆ. ರೋಸೆಟ್, ಎನ್‌ಜಿಸಿ 7000ಕ್ಕೆ ಫಿಲ್ಟರ್ ಹಾಕಿ 6ರಿಂದ 10 ಗಂಟೆ ಇಟ್ಟುಕೊಳ್ಳಿ. ಒಂದೇ ರಾತ್ರಿ ನಾಲ್ಕು ಗುರಿಗಳ ಹಿಂದೆ ಓಡುವುದಕ್ಕಿಂತ ನಾಲ್ಕು ರಾತ್ರಿ ಒಂದೇ ಗುರಿಗೆ ಕೊಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಪ್ರತಿ ರಾತ್ರಿ ಕ್ಯಾಮೆರಾದ ಓರೆ ಒಂದೇ ಇರಲಿ. ಇಲ್ಲದಿದ್ದರೆ ಜೋಡಿಸಿದಾಗ ಮೂಲೆಗಳು ಕತ್ತರಿಸಿಹೋಗುತ್ತವೆ.

ಚಂದ್ರನ ವಿಷಯ: ಫಿಲ್ಟರ್ ಇಲ್ಲದಿದ್ದರೆ ಅಮಾವಾಸ್ಯೆಯ ಹತ್ತಿರದ ರಾತ್ರಿಗಳೇ ಬೇಕು. ಫಿಲ್ಟರ್ ಇದ್ದರೆ ಎಚ್-ಆಲ್ಫಾ ಅರ್ಧ ಚಂದ್ರನ ಬೆಳಕಿನಲ್ಲೂ ಚೆನ್ನಾಗಿ ಬರುತ್ತದೆ, ಓ-ಥ್ರೀ ಜಾಸ್ತಿ ಪೆಟ್ಟು ತಿನ್ನುತ್ತದೆ.

ಇನ್ನೊಂದು ಅಭ್ಯಾಸ ಬೇಕು, ಡಿದರಿಂಗ್. ಕೆಲವು ಫ್ರೇಮಿಗೊಮ್ಮೆ ಗುರಿಯನ್ನು ಹತ್ತಾರು ಪಿಕ್ಸೆಲ್ ಅತ್ತಿತ್ತ ಸರಿಸುವುದು. ಹೀಗೆ ಮಾಡಿದರೆ ಸೆನ್ಸರಿನ ಕೆಟ್ಟ ಪಿಕ್ಸೆಲ್‌ಗಳು ಪ್ರತಿ ಸಲ ನೀಹಾರಿಕೆಯ ಬೇರೆ ಜಾಗದ ಮೇಲೆ ಬೀಳುತ್ತವೆ, ಸರಾಸರಿಯಲ್ಲಿ ಮಾಯವಾಗುತ್ತವೆ. ಗೈಡಿಂಗ್ ಇದ್ದವರಿಗೆ ತಂತ್ರಾಂಶವೇ ಮಾಡಿಕೊಡುತ್ತದೆ. ಬರೀ ಟ್ರ್ಯಾಕರ್ ಇದ್ದರೆ ಕಾಲು ಗಂಟೆಗೊಮ್ಮೆ ಕ್ಯಾಮೆರಾ ಕೂರಿಸಿದ ಬಾಲ್ ಹೆಡ್ ಅನ್ನು ಒಂಚೂರು ಕದಲಿಸಿ. ಮಾಡದಿದ್ದರೆ ಕೊನೆಯ ಚಿತ್ರದಲ್ಲಿ ಓರೆಯಾದ ಮಳೆಗೆರೆಗಳಂಥ ಗುರುತು ಬರುತ್ತದೆ. ಅದನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಫ್ಲ್ಯಾಟ್, ಬಯಾಸ್, ಡಾರ್ಕ್

ಮಲಗುವ ಮುನ್ನ ಇನ್ನೊಂದು ಕೆಲಸ ಇದೆ. ಲೆನ್ಸಿನ ಅಂಚುಗಳು ಕಪ್ಪಾಗಿರುತ್ತವೆ, ಸೆನ್ಸರ್ ಮೇಲೆ ಧೂಳಿನ ಕಣಗಳಿರುತ್ತವೆ. ಮಂದ ನೀಹಾರಿಕೆಯನ್ನು ಎಳೆದು ಬೆಳಗಿಸುವಾಗ ಇವೂ ಬೆಳಗುತ್ತವೆ. ಇದಕ್ಕೆ ಮದ್ದು ಫ್ಲ್ಯಾಟ್ ಫ್ರೇಮ್. ಲೆನ್ಸಿನ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸುಕ್ಕಿಲ್ಲದಂತೆ ಕಟ್ಟಿ. ಮುಂದೆ ಬಿಳಿ ಪರದೆ ತೋರಿಸುವ ಟ್ಯಾಬ್ಲೆಟ್ ಹಿಡಿಯಿರಿ. ಹಿಸ್ಟೋಗ್ರಾಂ ನಡುವಿಗೆ ಬರುವಂತೆ ಶಟರ್ ವೇಗ ಹೊಂದಿಸಿ 20-30 ಫ್ರೇಮ್ ತೆಗೆಯಿರಿ. ಫೋಕಸ್, ಎಫ್ ಸಂಖ್ಯೆ, ಐಎಸ್‌ಒ, ಕ್ಯಾಮೆರಾ ಓರೆ ಯಾವುದನ್ನೂ ಮುಟ್ಟಬೇಡಿ. ಲೆನ್ಸ್ ಬಿಚ್ಚಿದ ಮೇಲೆ ತೆಗೆದ ಫ್ಲ್ಯಾಟ್ ಯಾವ ಉಪಯೋಗಕ್ಕೂ ಬರುವುದಿಲ್ಲ.

ಕ್ಯಾಮೆರಾ ಪ್ರತಿ ಫ್ರೇಮಿಗೂ ತಾನೇ ಸೇರಿಸುವ ಮೂಲ ಮಟ್ಟವನ್ನು ಕಳೆಯಲು ಬಯಾಸ್ ಫ್ರೇಮ್. ಅದು ಸುಲಭ. ಮುಚ್ಚಳ ಹಾಕಿ, ಅತಿ ವೇಗದ ಶಟರ್, ಅದೇ ಐಎಸ್‌ಒ, ಒಂದಷ್ಟು ಫ್ರೇಮ್. ಒಮ್ಮೆ ತೆಗೆದಿಟ್ಟರೆ ಬಹಳ ದಿನ ಬರುತ್ತದೆ. ಡಾರ್ಕ್ ಅಂದರೆ ಸೆನ್ಸರಿನ ಶಾಖದಿಂದ ಬರುವ ಚುಕ್ಕೆಗಳನ್ನು ಕಳೆಯಲು ಮುಚ್ಚಳ ಹಾಕಿ, ನಿಜ ಫ್ರೇಮಿನಷ್ಟೇ ಹೊತ್ತು, ಅದೇ ಉಷ್ಣತೆಯಲ್ಲಿ ತೆಗೆದದ್ದು. ತಂಪುಗೊಳಿಸುವ ಯಂತ್ರ ಇಲ್ಲದ ಕ್ಯಾಮೆರಾದಲ್ಲಿ ಉಷ್ಣತೆ ರಾತ್ರಿಯಿಡೀ ಬದಲಾಗುವುದರಿಂದ ಡಾರ್ಕ್ ಸರಿಯಾಗಿ ಹೊಂದುವುದಿಲ್ಲ. ಅಂಥವರಿಗೆ ಡಿದರಿಂಗ್, ಫ್ಲ್ಯಾಟ್, ಬಯಾಸ್ ಮೂರೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕಂಪ್ಯೂಟರ್ ಮುಂದೆ

ಮೊದಲು ಕೆಟ್ಟ ಫ್ರೇಮ್ ಕಳೆಯಿರಿ. ಮೋಡ ಹಾದದ್ದು, ನಕ್ಷತ್ರ ಉದ್ದವಾದದ್ದು, ಇಬ್ಬನಿ ಹಿಡಿದದ್ದು. ಉಪಗ್ರಹದ ಗೆರೆ ಇದ್ದರೆ ಕಳೆಯಬೇಕಿಲ್ಲ, ಸ್ಟ್ಯಾಕಿಂಗ್‌ನಲ್ಲಿ ಸಿಗ್ಮಾ ಕ್ಲಿಪ್ಪಿಂಗ್ ಎಂಬ ವಿಧಾನ ಅದನ್ನು ತೆಗೆದುಹಾಕುತ್ತದೆ.

ಸಿರಿಲ್ ಎಂಬ ಉಚಿತ ತಂತ್ರಾಂಶವೊಂದರಲ್ಲೇ ಎಲ್ಲವನ್ನೂ ಮುಗಿಸಬಹುದು. ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಫ್ರೇಮುಗಳನ್ನು ಹಾಕಿ, ಅದರ ಸಿದ್ಧ ಸ್ಕ್ರಿಪ್ಟ್ ಓಡಿಸಿದರೆ ಜೋಡಿಸಿದ ಒಂದು ಫೈಲ್ ಕೈಗೆ ಬರುತ್ತದೆ. ವಿಂಡೋಸ್‌ನಲ್ಲಿ ಡೀಪ್‌ಸ್ಕೈಸ್ಟ್ಯಾಕರ್ ಕೂಡ ಇದೆ, ಅದೂ ಉಚಿತ.

ಬಂದ ಫೈಲ್ ತೆರೆದರೆ ಬರೀ ಕಪ್ಪು. ಬೆಳಕೆಲ್ಲ ಹಿಸ್ಟೋಗ್ರಾಂನ ಎಡ ತುದಿಯಲ್ಲಿ ಒತ್ತಿಕೊಂಡಿರುತ್ತದೆ. ನೋಟವನ್ನು ಆಟೋಸ್ಟ್ರೆಚ್‌ಗೆ, ಅಂದರೆ ಮಂದ ಬೆಳಕನ್ನು ಎಳೆದು ತೋರಿಸುವ ನೋಟಕ್ಕೆ, ಬದಲಿಸಿ. ನೀಹಾರಿಕೆ ಎದ್ದು ಬರುತ್ತದೆ. ಇದು ಬರೀ ನೋಟ, ಫೈಲ್ ಇನ್ನೂ ಹಾಗೇ ಇದೆ. ಈ ಸ್ಥಿತಿಯಲ್ಲೇ ಮಾಡಬೇಕಾದ ಕೆಲಸಗಳಿವೆ, ಅವುಗಳ ಕ್ರಮ ತಪ್ಪಿಸಬೇಡಿ. ಹರಿದ ಅಂಚುಗಳನ್ನು ಕತ್ತರಿಸಿ. ಊರಿನ ಬೆಳಕು ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಹಿನ್ನೆಲೆ ತೆಗೆಯುವ ಸಾಧನದಿಂದ ಅದನ್ನು ಸಮ ಮಾಡಿ. ಗುರುತು ಬಿಂದುಗಳನ್ನು ನೀಹಾರಿಕೆಯ ಮೇಲೆ ಇಡಬೇಡಿ. ಇಟ್ಟರೆ ಅದನ್ನೂ ಹಿನ್ನೆಲೆ ಅಂದುಕೊಂಡು ಕಳೆದುಬಿಡುತ್ತದೆ. ಆಮೇಲೆ ಬಣ್ಣ. ಸಿರಿಲ್ ನಿಮ್ಮ ಚಿತ್ರದ ನಕ್ಷತ್ರಗಳನ್ನು ಕ್ಯಾಟಲಾಗಿನಲ್ಲಿರುವ ಅವುಗಳ ನಿಜ ಬಣ್ಣಕ್ಕೆ ಹೋಲಿಸಿ ಸರಿಮಾಡುತ್ತದೆ.

ಡ್ಯುಯಲ್ ಫಿಲ್ಟರ್‌ನಿಂದ ತೆಗೆದಿದ್ದರೆ ದಾರಿ ಸ್ವಲ್ಪ ಬೇರೆ. ಕೆಂಪು ಪಿಕ್ಸೆಲ್‌ಗಳಲ್ಲಿ ಎಚ್-ಆಲ್ಫಾ, ಹಸಿರು-ನೀಲಿಯಲ್ಲಿ ಓ-ಥ್ರೀ ಇರುತ್ತದೆ. ಎರಡನ್ನೂ ಬೇರ್ಪಡಿಸುವ ಸ್ಕ್ರಿಪ್ಟ್ ಸಿರಿಲ್‌ನಲ್ಲೇ ಇದೆ. ಎಚ್-ಆಲ್ಫಾವನ್ನು ಕೆಂಪಿಗೆ, ಓ-ಥ್ರೀಯನ್ನು ಹಸಿರಿಗೂ ನೀಲಿಗೂ ಕೊಟ್ಟು ಮತ್ತೆ ಕೂಡಿಸಿ. ರೋಸೆಟ್‌ನ ನಡುವಿನ ನೀಲಿ ಛಾಯೆ ಆಗ ಬಿಡಿಯಾಗಿ ಕಾಣುತ್ತದೆ. ಅಲ್ಲಿಯ ಬಿಸಿ ನಕ್ಷತ್ರಗಳ ಹತ್ತಿರ ಆಮ್ಲಜನಕ ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡಿದೆ, ಅದರ ಬೆಳಕದು.

ಕೊನೆಗೆ ಸ್ಟ್ರೆಚ್, ಅಂದರೆ ಫೈಲಿನಲ್ಲೇ ಮಂದ ಬೆಳಕನ್ನು ಎಳೆದು ಬೆಳಗಿಸುವುದು. ಒಂದೇ ಸಲ ಎಳೆಯದೆ ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಸಲ ಎಳೆಯಿರಿ. ಆಕಾಶವನ್ನು ಇದ್ದಿಲಿನಷ್ಟು ಕಪ್ಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ನೀಹಾರಿಕೆಯ ಹೊರ ಅಂಚಿನ ಅತಿ ಮಂದ ಅನಿಲ ಕಪ್ಪಿನ ಪಕ್ಕದ ಕಡುಬೂದು ಬಣ್ಣದಲ್ಲೇ ಇರುತ್ತದೆ, ರಾತ್ರಿಗಟ್ಟಲೆ ಕೂಡಿಸಿದ್ದು ಅದಕ್ಕಾಗಿಯೇ. ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರ್ಪಡಿಸಿ ನೀಹಾರಿಕೆಯನ್ನಷ್ಟೇ ಎಳೆದು, ನಕ್ಷತ್ರಗಳನ್ನು ಮೆಲ್ಲಗೆ ಮತ್ತೆ ಸೇರಿಸಿದರೆ ಅವು ಊದಿಕೊಳ್ಳುವುದಿಲ್ಲ. ಗದ್ದಲ ತೆಗೆಯುವ, ಚೂಪು ಮಾಡುವ ಹೊಸ ಸಾಧನಗಳು ತುಂಬಾ ಶಕ್ತಿಶಾಲಿ. ಮಿತವಾಗಿ ಬಳಸಿ. ಬೆಳಕು ಸಾಲದ ಜಾಗದಲ್ಲಿ ಅವು ಇಲ್ಲದ ಎಳೆಗಳನ್ನು ಹುಟ್ಟಿಸುತ್ತವೆ. ಅನುಮಾನ ಬಂದರೆ ಅದೇ ನೀಹಾರಿಕೆಯ ಬೇರೆಯವರ ಚಿತ್ರದ ಪಕ್ಕ ಇಟ್ಟು ನೋಡಿ. ಆ ಎಳೆ ಅಲ್ಲಿಯೂ ಇದೆಯಾ ಅಂತ.

ಫೈಲ್‌ಗಳನ್ನು ಅಳಿಸಬೇಡಿ

ಮೂಲ ರಾ ಫೈಲ್‌ಗಳು, ಅವುಗಳ ಫ್ಲ್ಯಾಟ್‌ಗಳು, ದಿನಾಂಕ, ಲೆನ್ಸ್, ಫಿಲ್ಟರ್, ಫ್ರೇಮಿನ ಅವಧಿ ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಉಳಿಸಿ. ಮುಂದಿನ ವರ್ಷ ಅದೇ ನೀಹಾರಿಕೆ ಅದೇ ಜಾಗಕ್ಕೆ ಬರುತ್ತದೆ. ಈ ವರ್ಷದ ಎಂಟು ಗಂಟೆಗೆ ಇನ್ನೆಂಟು ಸೇರಿಸಬಹುದು.

ಹಳೆಯ ಫ್ರೇಮಿಗೆ ಇನ್ನೊಂದು ಬೆಲೆಯೂ ಇದೆ. 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ಜೇ ಮೆಕ್‌ನೀಲ್ ತಮ್ಮ ಮನೆಯ ಹಿತ್ತಲಿನಿಂದ, ಬರೀ 3 ಇಂಚಿನ ಟೆಲಿಸ್ಕೋಪಿನಲ್ಲಿ, ಒರಾಯನ್‌ನ ಎಂ78 ನೀಹಾರಿಕೆಯ ಸುತ್ತಲಿನ ಫೋಟೋ ತೆಗೆದಿದ್ದರು. ಅದರಲ್ಲಿ ಹಿಂದಿನ ಆಕಾಶ ಸಮೀಕ್ಷೆಯ ಚಿತ್ರಗಳಲ್ಲಿ ಕಾಣದ ಒಂದು ಚಿಕ್ಕ ಬೆಳಕಿನ ತೇಪೆ ಇತ್ತು. ಒಂದು ಎಳೆಯ ನಕ್ಷತ್ರ ಹಠಾತ್ತನೆ ಹೊತ್ತಿ, ಪಕ್ಕದ ಧೂಳನ್ನು ಬೆಳಗಿಸಿತ್ತು. ಅದಕ್ಕೆ ಈಗ ಮೆಕ್‌ನೀಲ್ ನೀಹಾರಿಕೆ ಎಂದೇ ಹೆಸರು. ಆಮೇಲಿನ ವರ್ಷಗಳಲ್ಲಿ ಅದು ಮಂಕಾಗಿದ್ದು, ಮತ್ತೆ ಬೆಳಗಿದ್ದು, ಮತ್ತೆ ಮಂಕಾಗಿದ್ದು ಎಲ್ಲವೂ ದಾಖಲಾಗಿದೆ. ಹಾಗಾಗಿ ಹೊಸ ಸ್ಟ್ಯಾಕ್ ಸಿದ್ಧವಾದ ಮೇಲೆ ಕಳೆದ ವರ್ಷದ್ದರ ಜೊತೆ ಇಟ್ಟು, ಎರಡನ್ನೂ ಒಂದಾದ ಮೇಲೊಂದರಂತೆ ಮಿನುಗಿಸಿ ನೋಡಿ. ಆಮೇಲೆ ಪೋಸ್ಟ್ ಮಾಡಿದರಾಯಿತು.